ನಾಯಕತ್ವದ ಪಾಠಕ್ಕೊಂದು ನಾಯಿಮರಿ

ಜೂನ್ ತಿಂಗಳು ಬಂತೆಂದರೆ ನಮ್ಮ ಊರುಗಳ ಮೇಲೆ ಎರಡು ಬಗೆಯ ಮೋಡ ಕವಿಯುತ್ತದೆ. ಒಂದು ಮುಂಗಾರಿನದು, ಇನ್ನೊಂದು ಶಾಲೆಯ ಚುನಾವಣೆಯದು. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಯುವ ಮೊದಲೇ ತರಗತಿಯ ನಾಯಕ ಯಾರು, ಶಾಲಾ ಸಂಸತ್ತಿನ ಪ್ರಧಾನಿ ಯಾರು, ಸ್ವಚ್ಛತೆಯ ಮಂತ್ರಿ ಯಾರು, ಕ್ರೀಡಾ ಮಂತ್ರಿ ಯಾರು ಎಂಬ ಗುಸುಗುಸು ಆರಂಭವಾಗಿರುತ್ತದೆ. ಸಮಾಜದ ಮೇಷ್ಟ್ರು ಚುನಾವಣಾಧಿಕಾರಿ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ವಾಪಸಾತಿ, ಪ್ರಚಾರ, ಮತದಾನ ಎಲ್ಲವೂ ಕ್ರಮಪ್ರಕಾರ. ಕೆಲವು ಶಾಲೆಗಳಲ್ಲಿ ಈಗ ಮೊಬೈಲನ್ನೇ ಮತಯಂತ್ರ ಮಾಡಿಕೊಳ್ಳುತ್ತಾರೆ. ಬೆರಳಿಗೆ ಶಾಯಿಯನ್ನೂ ಹಚ್ಚುತ್ತಾರೆ. ಸಂಜೆ ಮನೆಗೆ ಬಂದ ಮಗು ಆ ಬೆರಳನ್ನು ತೊಳೆಯಲು ಒಪ್ಪುವುದಿಲ್ಲ.

ಇಷ್ಟು ಸಂಭ್ರಮದ ನಡುವೆ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಒಂದು ಸಣ್ಣ ಸಂಭಾಷಣೆ ನಡೆಯುತ್ತದೆ.

"ಅಮ್ಮಾ, ಈ ಸಲ ನಾನೂ ನಿಲ್ಲಲಾ?"

"ನಿನಗ್ಯಾಕೋ ಅದೆಲ್ಲಾ? ಮೊದಲು ಗಣಿತ ನೋಡ್ಕೋ."

ಮಗು ಸುಮ್ಮನಾಗುತ್ತದೆ. ಅಮ್ಮ ತಾನು ಹೇಳಿದ್ದಕ್ಕೇ ಸುಮ್ಮನಾಯಿತು ಎಂದುಕೊಳ್ಳುತ್ತಾಳೆ. ಆದರೆ ಸ್ವಲ್ಪ ಕೂರಿಸಿಕೊಂಡು ಕೇಳಿ ನೋಡಿ. ಬಹಳ ಸಲ ಒಳಗಿರುವ ಕಾರಣವೇ ಬೇರೆ. "ನಂಗೆ ಯಾರು ಓಟು ಹಾಕ್ತಾರೆ? ನಂಗೆ ಯಾರ ಹತ್ರಾನೂ ಮಾತಾಡೋಕೆ ಬರಲ್ಲ." ನಿಲ್ಲುವ ಆಸೆ ಇದೆ, ಕೆಲಸ ಮಾಡುವ ಮನಸ್ಸಿದೆ. ಪಕ್ಕದ ಸೆಕ್ಷನ್ನಿನ ಹುಡುಗನ ಮುಂದೆ ನಿಂತು ಮೊದಲ ವಾಕ್ಯ ಹೇಳುವ ಧೈರ್ಯ ಮಾತ್ರ ಇಲ್ಲ. ಇಂದಿನ ಅಂಕಣ ಆ ಮಗುವಿಗೆ ಮತ್ತು ಆ ಮಗುವಿನ ಹೆತ್ತವರಿಗೆ.

ಸಂಕೋಚದ ಮಗುವಿಗೆ ನಾವು ಕೊಡುವ ಉಪದೇಶ ಸಾಮಾನ್ಯವಾಗಿ ಒಂದೇ: "ಧೈರ್ಯವಾಗಿ ಮಾತಾಡು." ಈಜು ಬಾರದವನಿಗೆ "ಧೈರ್ಯವಾಗಿ ಈಜು" ಎಂದಂತೆ ಇದು. ಧೈರ್ಯ ಉಪದೇಶದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಆ ಅಭ್ಯಾಸಕ್ಕೆ ಒಬ್ಬ ಒಳ್ಳೆಯ ಗುರು ನಮ್ಮ ಬೀದಿಯಲ್ಲೇ, ಕೆಲವೊಮ್ಮೆ ನಮ್ಮ ಮನೆಯ ಜಗುಲಿಯಲ್ಲೇ ಮಲಗಿರುತ್ತಾನೆ. ಅವನಿಗೆ ನಾಲ್ಕು ಕಾಲು, ಒಂದು ಬಾಲ. ಓಟಿಗೂ ನಾಯಿಗೂ ಎತ್ತಣಿಂದೆತ್ತ ಸಂಬಂಧ ಎಂದು ಹುಬ್ಬೇರಿಸಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ.

ನಡುವೆ ಒಂದು ನಾಯಿ

ಅಪರಿಚಿತರಿಬ್ಬರು ಎದುರೆದುರು ಬಂದರೆ ಮಾತು ಹೊರಡುವುದು ಕಷ್ಟ. ಏನು ಮಾತಾಡಬೇಕು, ಎಲ್ಲಿಂದ ಶುರು ಮಾಡಬೇಕು ಎಂಬ ತೊಡಕು. ಅವರಲ್ಲೊಬ್ಬರ ಕೈಯಲ್ಲಿ ನಾಯಿಯ ಹಗ್ಗವಿದ್ದರೆ ತೊಡಕು ಅರ್ಧಕ್ಕರ್ಧ ಬಿಚ್ಚಿಕೊಳ್ಳುತ್ತದೆ. "ಏನು ಹೆಸರು? ಕಚ್ಚುತ್ತಾ? ಎಷ್ಟು ತಿಂಗಳು?" ಇಷ್ಟು ಸಾಕು. ಇಬ್ಬರ ಕಣ್ಣೂ ಒಬ್ಬರ ಮೇಲೊಬ್ಬರು ನೆಡುವ ಬದಲು ನಡುವಿನ ಪ್ರಾಣಿಯ ಮೇಲೆ ಇರುತ್ತದೆ. ಸಂಕೋಚದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇದು ಬರೀ ಜಗುಲಿಯ ಮಾತಲ್ಲ. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಮ್ಯಾಕ್‌ನಿಕೊಲಸ್ ಮತ್ತು ಕಾಲಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ದಿನನಿತ್ಯದ ಓಡಾಟದಲ್ಲಿ ಒಬ್ಬ ವ್ಯಕ್ತಿ ನಾಯಿಯ ಜೊತೆ ಇದ್ದಾಗ ಎಷ್ಟು ಜನ ಮಾತಾಡಿಸುತ್ತಾರೆ, ಇಲ್ಲದಾಗ ಎಷ್ಟು ಜನ ಎಂದು ಲೆಕ್ಕ ಹಾಕಿದರು. ನಾಯಿ ತಾನಾಗಿ ಯಾರ ಮೇಲೂ ಎಗರದಂತೆ, ಯಾರ ಗಮನವನ್ನೂ ಸೆಳೆಯದಂತೆ ತರಬೇತಿ ಪಡೆದದ್ದು. ಆದರೂ ನಾಯಿ ಇದ್ದಾಗ ಮಾತಿಗೆ ಬಂದವರು ಬಹಳ ಹೆಚ್ಚು. ಇನ್ನೊಂದು ಪ್ರಯೋಗದಲ್ಲಿ ನಾಯಿ ಹಿಡಿದವನಿಗೆ ಒಮ್ಮೆ ಒಳ್ಳೆಯ ಬಟ್ಟೆ, ಒಮ್ಮೆ ಮಾಸಿದ ಬಟ್ಟೆ ಹಾಕಿಸಿದರು. ಬಟ್ಟೆ ಚೆನ್ನಾಗಿದ್ದರೆ ಸ್ವಲ್ಪ ಲಾಭ ಇದ್ದದ್ದು ನಿಜ. ಆದರೆ ಬಟ್ಟೆ ಯಾವುದೇ ಇರಲಿ, ನಾಯಿ ಇದೆಯೇ ಇಲ್ಲವೇ ಎಂಬುದೇ ದೊಡ್ಡ ವ್ಯತ್ಯಾಸ ಮಾಡಿತು. ಚುನಾವಣೆಗೆ ನಿಲ್ಲುವಾಗ ಹೊಸ ಶೂ ಬೇಕೆಂದು ಹಟ ಹಿಡಿಯುವ ಮಕ್ಕಳು ಇದನ್ನು ಗಮನಿಸಬೇಕು!

ಎಲ್ಲ ನಾಯಿಗೂ ಈ ಗುಣ ಒಂದೇ ಸಮವೇ? ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಡೆಬೊರಾ ವೆಲ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಒಬ್ಬಳು ಮಹಿಳೆ ಒಂದು ಸಲ ಲ್ಯಾಬ್ರಡಾರ್ ಮರಿಯ ಜೊತೆ, ಒಂದು ಸಲ ದೊಡ್ಡ ಲ್ಯಾಬ್ರಡಾರ್ ಜೊತೆ, ಇನ್ನೊಂದು ಸಲ ರಾಟ್‌ವೈಲರ್ ಜೊತೆ ಕಾಣಿಸಿಕೊಂಡಳು. ಆಮೇಲೆ ನಾಯಿ ಬಿಟ್ಟು ಮಗುವಿನ ಆಟದ ಕರಡಿಬೊಂಬೆ, ಕುಂಡದ ಗಿಡ ಇವುಗಳ ಜೊತೆ. ಒಂದು ಸಲ ಏನೂ ಇಲ್ಲದೆ ಒಬ್ಬಳೇ. ಮರಿಗೆ ಜನ ಕರಗಿದರು. ರಾಟ್‌ವೈಲರ್ ಕಂಡು ಬಹಳ ಮಂದಿ ಮುಖ ತಿರುಗಿಸಿಕೊಂಡು ಹೋದರು. ಬೊಂಬೆಯನ್ನೂ ಗಿಡವನ್ನೂ ನೋಡಿದರು, ಆದರೆ ನಿಂತು ಮಾತಾಡಿಸಿದವರು ಕಡಿಮೆ. ಇದರಿಂದ ನಮಗೆ ತಿಳಿಯುವುದೇನು? ಜೊತೆಯಲ್ಲಿರುವುದು ಜೀವಂತವಾಗಿರಬೇಕು, ಸ್ನೇಹದಿಂದಿರಬೇಕು. ಬೊಗಳಿ ಹೆದರಿಸುವುದನ್ನು ಕಂಡರೆ ಜನ ದೂರ ಸರಿಯುತ್ತಾರೆ. ಅಭ್ಯರ್ಥಿಗಳಿಗೂ ಇದು ಅನ್ವಯಿಸುತ್ತದೆ ಎಂದು ಬೇರೆ ಹೇಳಬೇಕೇ?

ಈ ಸಂಶೋಧನೆಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಮಕ್ಕಳಿಗೆ ಸಂಬಂಧಿಸಿದ್ದು. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಗಾಲಿಕುರ್ಚಿಯಲ್ಲಿ ಓಡಾಡುವ ಮಕ್ಕಳನ್ನು ಶಾಲೆಯ ಆಟದ ಬಯಲಿನಲ್ಲಿ, ಅಂಗಡಿ ಬೀದಿಯಲ್ಲಿ ಗಮನಿಸಿದರು. ಕೆಲವು ಮಕ್ಕಳ ಜೊತೆ ಸಹಾಯಕ್ಕೆಂದು ತರಬೇತಾದ ನಾಯಿ ಇತ್ತು, ಕೆಲವರಿಗೆ ಇರಲಿಲ್ಲ. ನಾಯಿ ಇದ್ದ ಮಕ್ಕಳತ್ತ ಜನ ನೋಡಿ ನಕ್ಕರು, ಹತ್ತಿರ ಬಂದು ಮಾತಾಡಿಸಿದರು. ಇಲ್ಲದ ಮಕ್ಕಳ ಪಕ್ಕದಲ್ಲಿ ಕಣ್ಣು ತಪ್ಪಿಸಿ ಹಾದುಹೋದವರೇ ಹೆಚ್ಚು. ಆ ನಾಯಿಯನ್ನು ಕೊಟ್ಟಿದ್ದು ಕೆಳಗೆ ಬಿದ್ದದ್ದನ್ನು ಎತ್ತಿಕೊಡಲಿ, ಬಾಗಿಲು ತೆಗೆಯಲಿ ಎಂದು. ಅದು ಆ ಮಕ್ಕಳಿಗೆ ಮನುಷ್ಯರ ಬಾಗಿಲನ್ನೂ ತೆಗೆಯಿತು.

ಆಸ್ಟ್ರೇಲಿಯದ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ 2013ರಲ್ಲಿ ಹೊರಬಂತು. ಮಾರ್ಗರೀಟ್ ಓ'ಹೇರ್ ಎಂಬಾಕೆ ಮತ್ತು ಸಂಗಡಿಗರು ಆಟಿಸಂ ಇರುವ ಒಂದು ಮಗು, ಜೊತೆಗೆ ಅದೇ ತರಗತಿಯ ಇಬ್ಬರು ಮಕ್ಕಳು, ಹೀಗೆ ಮೂವರನ್ನು ಒಂದೆಡೆ ಕೂರಿಸಿದರು. ಒಮ್ಮೆ ಆಟದ ಸಾಮಾನು ಕೊಟ್ಟರು, ಇನ್ನೊಮ್ಮೆ ಎರಡು ಗಿನಿಯಿಲಿಗಳನ್ನು ಬಿಟ್ಟರು. ಗಿನಿಯಿಲಿ ಇದ್ದಾಗ ಆಟಿಸಂ ಇರುವ ಮಗು ಹೆಚ್ಚು ಮಾತಾಡಿತು, ಗೆಳೆಯರ ಮುಖ ನೋಡಿತು, ಹೆಚ್ಚು ನಕ್ಕಿತು. ನಾಯಿಯೇ ಆಗಬೇಕೆಂದಿಲ್ಲ, ಅಂಗೈ ಅಗಲದ ಪ್ರಾಣಿಯೂ ಈ ಕೆಲಸ ಮಾಡುತ್ತದೆ.

ದಿನವೂ ಅದೇ ಹೊತ್ತು, ಅದೇ ದಾರಿ

ಪ್ರಾಣಿ ಕಲಿಸುವ ಎರಡನೆಯ ಪಾಠ ನಿಯಮ. ನಾಯಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಬೆಳಗ್ಗೆ ಆರಕ್ಕೆ ಬಾಗಿಲ ಬಳಿ ಬಂದು ನಿಂತರೆ ನಿಂತಿತು. ಹೊರಗೆ ಹೊರಟ ಮಗುವಿಗೆ ದಿನವೂ ಅದೇ ಹೊತ್ತಿಗೆ ಅದೇ ಜನ ಸಿಗುತ್ತಾರೆ. ಪೇಪರ್ ಹಾಕುವ ಹುಡುಗ, ಹೂ ಮಾರುವ ಅಜ್ಜಿ, ವಾಕಿಂಗ್ ಹೊರಟ ನಿವೃತ್ತ ಮೇಷ್ಟ್ರು. ಮೊದಲ ವಾರ ನಗು, ಎರಡನೆಯ ವಾರ ಒಂದು ಮಾತು, ತಿಂಗಳಾಗುವಷ್ಟರಲ್ಲಿ ಪರಿಚಯ. ಹೀಗೆ ಬೆಳೆದ ಪರಿಚಯ ಗಟ್ಟಿ.

ಆಸ್ಟ್ರೇಲಿಯದ ಪರ್ತ್ ಮತ್ತು ಅಮೆರಿಕದ ಸ್ಯಾನ್ ಡಿಯಾಗೊ, ಪೋರ್ಟ್‌ಲೆಂಡ್, ನ್ಯಾಶ್‌ವಿಲ್ ಈ ನಾಲ್ಕು ನಗರಗಳ ಜನರನ್ನು ವಿಚಾರಿಸಿ ಲಿಸಾ ವುಡ್ ಮತ್ತು ಜೊತೆಗಾರರು 2015ರಲ್ಲಿ ಒಂದು ವರದಿ ಪ್ರಕಟಿಸಿದರು. ಸಾಕುಪ್ರಾಣಿ ಇರುವವರು ತಮ್ಮ ಬಡಾವಣೆಯಲ್ಲಿ ಹೊಸಬರ ಪರಿಚಯ ಮಾಡಿಕೊಂಡಿರುವ ಸಾಧ್ಯತೆ ಇಲ್ಲದವರಿಗಿಂತ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ಕೆಲವರಿಗೆ ಆ ಪರಿಚಯ ಕಷ್ಟಕ್ಕಾಗುವ ಸ್ನೇಹವಾಗಿಯೂ ಬೆಳೆದಿತ್ತು.

ಇದನ್ನು ತಿಳಿಯಲು ನಮ್ಮ ಹಳ್ಳಿಯವರು ಪರ್ತಿಗೆ ಹೋಗಬೇಕಾಗಿಲ್ಲ. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಹಾಲಿನ ಡೇರಿಯ ಮುಂದೆ ಸಾಲಿನಲ್ಲಿ ನಿಲ್ಲುವ ಹುಡುಗನನ್ನು ನೋಡಿ. ಅವನಿಗೆ ಊರಿನ ಸಮಾಚಾರವೆಲ್ಲ ಗೊತ್ತು. ಯಾರ ಮನೆಯ ಹಸು ಕರು ಹಾಕಿತು, ಯಾರ ಎಮ್ಮೆ ಮೇವು ಬಿಟ್ಟಿದೆ, ಯಾರ ತಾತ ಆಸ್ಪತ್ರೆಯಲ್ಲಿದ್ದಾರೆ. ಮೇಕೆ ಹಿಂದೆ ಹೋಗುವ ಹುಡುಗಿಗೆ ಪಕ್ಕದ ಊರಿನ ಮಕ್ಕಳೂ ಗೆಳೆಯರು. ನಗರದ ಮನೋವಿಜ್ಞಾನಿ ನಾಯಿಯ ಹಗ್ಗದಲ್ಲಿ ಕಂಡದ್ದು ನಮ್ಮವರ ಹಸುವಿನ ಹಗ್ಗದಲ್ಲಿ ಎಂದಿನಿಂದಲೋ ಇದೆ. ಇಂಥ ಮಕ್ಕಳು ಶಾಲೆಯಲ್ಲಿ "ನಾವು ಹಳ್ಳಿಯವರು, ನಮಗೆ ಮಾತು ಬರಲ್ಲ" ಎಂದು ಹಿಂದೆ ಕೂರುತ್ತಾರಲ್ಲ, ಅದು ದೊಡ್ಡ ನಷ್ಟ. ಹತ್ತು ಮನೆಯವರ ಜೊತೆ ದಿನವೂ ವ್ಯವಹರಿಸುವ ಮಗುವಿಗೆ ಮಾತು ಬರುವುದಿಲ್ಲವೆಂದರೆ ಏನರ್ಥ?

ನಗದ ಶ್ರೋತೃ

ಚುನಾವಣೆ ಎಂದಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ನಿಮಿಷ ಮಾತಾಡಬೇಕಾಗುತ್ತದೆ. ಹೆದರಿಕೆ ಹುಟ್ಟುವುದೇ ಅಲ್ಲಿ. ಅಭ್ಯಾಸ ಯಾರ ಮುಂದೆ ಮಾಡುವುದು? ಗೆಳೆಯನ ಮುಂದೆ ಮಾಡಿದರೆ ನಗುತ್ತಾನೆ. ಅಣ್ಣನ ಮುಂದೆ ಮಾಡಿದರೆ ಅಣಕಿಸುತ್ತಾನೆ. ಅಪ್ಪನ ಮುಂದೆ ಮಾಡಿದರೆ ತಿದ್ದುತ್ತಾರೆ.

1991ರಲ್ಲಿ ಅಮೆರಿಕದ ಕ್ಯಾರೆನ್ ಆಲನ್ ಮತ್ತು ಇತರರು ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೆಲವು ಮಹಿಳೆಯರಿಗೆ ಬಾಯಿಲೆಕ್ಕ ಕೊಟ್ಟು, ಅವರ ಎದೆಬಡಿತ, ರಕ್ತದೊತ್ತಡ ಅಳೆದರು. ಪಕ್ಕದಲ್ಲಿ ಆಪ್ತ ಗೆಳತಿ ಕುಳಿತಿದ್ದಾಗ ಒತ್ತಡ ಕಡಿಮೆಯಾಗುತ್ತದೆ ಎಂದು ನಾವು ಊಹಿಸುತ್ತೇವೆ. ಆದದ್ದು ಉಲ್ಟಾ. ಗೆಳತಿ ಇದ್ದಾಗ ಒತ್ತಡ ಏರಿತು, ತಮ್ಮ ನಾಯಿ ಇದ್ದಾಗ ಇಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಗೆಳತಿ ಎಷ್ಟೇ ಆಪ್ತಳಾದರೂ ತಪ್ಪು ಕಂಡುಹಿಡಿಯಬಲ್ಲಳು. ನಾಯಿಗೆ ಏಳೊಂಬತ್ತಲ ಎಷ್ಟೆಂದು ಗೊತ್ತಿಲ್ಲ!

ಇದೇ ತತ್ವದ ಮೇಲೆ 1999ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಓದಲು ತಡವರಿಸುವ ಮಕ್ಕಳು ಗ್ರಂಥಾಲಯದಲ್ಲಿ ತರಬೇತಾದ ನಾಯಿಯ ಪಕ್ಕ ಕುಳಿತು ಗಟ್ಟಿಯಾಗಿ ಓದುವುದು. ಮಗು ತಡವರಿಸಿದರೂ ನಾಯಿ ನಗುವುದಿಲ್ಲ, ಮಧ್ಯೆ ಬಾಯಿ ಹಾಕುವುದಿಲ್ಲ. ಈ ಪದ್ಧತಿ ಮುಂದೆ ಅನೇಕ ದೇಶಗಳಿಗೆ ಹರಡಿತು. ಅದಕ್ಕೂ ಬಹಳ ಹಿಂದೆ, 1962ರಲ್ಲೇ, ಬೋರಿಸ್ ಲೆವಿನ್‌ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರು ತಮ್ಮ ಜಿಂಗಲ್ಸ್ ಎಂಬ ನಾಯಿಯನ್ನು ಚಿಕಿತ್ಸೆಯ ಸಹಾಯಕನೆಂದೇ ಕರೆದು ಲೇಖನ ಬರೆದಿದ್ದರು. ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗ ಅವರ ಕೋಣೆಯಲ್ಲಿ ಮೊದಲು ಒಲಿದದ್ದು ಜಿಂಗಲ್ಸ್‌ಗೆ. ಡಾಕ್ಟರರ ಸರದಿ ಬಂದದ್ದು ಆಮೇಲೆ.

ಆದ್ದರಿಂದ ಮಕ್ಕಳೇ, ನಿಮ್ಮ ಎರಡು ನಿಮಿಷದ ಭಾಷಣವನ್ನು ಮೊದಲ ಮೂರು ಸಲ ನಿಮ್ಮ ನಾಯಿಗೋ ಬೆಕ್ಕಿಗೋ ಕೊಟ್ಟಿಗೆಯ ಕರುವಿಗೋ ಹೇಳಿ. ಬೆಕ್ಕು ಎದ್ದು ಹೋದರೆ ಬೇಸರ ಬೇಡ, ಸಭೆಯಲ್ಲೂ ಕೆಲವರು ಎದ್ದು ಹೋಗುತ್ತಾರೆ. ನಾಲ್ಕನೆಯ ಸಲ ಅಜ್ಜಿಗೆ ಹೇಳಿ. ಐದನೆಯ ಸಲ ಗೆಳೆಯರಿಗೆ. ಪ್ರಾಣಿಯ ಮುಂದೆಯೇ ನಿಂತುಬಿಡಬೇಡಿ. ಅದು ಮೊದಲ ಮೆಟ್ಟಿಲು ಅಷ್ಟೆ. ಮತ ಹಾಕುವವರು ಮನುಷ್ಯರು.

ಪ್ರಚಾರಕ್ಕೆ ಮಾತ್ರ ಬೇಡ

ಇಷ್ಟೆಲ್ಲ ಓದಿ ಯಾರಾದರೂ ನಾಯಿಮರಿಯನ್ನು ಎತ್ತಿಕೊಂಡು ಮತ ಕೇಳಲು ಹೊರಟಾರು! ಕಾಲೇಜಿನವರಿಗೆ ಇದರಲ್ಲಿ ಕಟ್ಟುನಿಟ್ಟಾದ ನಿಯಮವೇ ಇದೆ. ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಚುನಾವಣೆ ಹೇಗಿರಬೇಕೆಂದು ಸೂಚಿಸಲು ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಗಿತ್ತು. ಅದರ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು 2006ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಪ್ರಚಾರಕ್ಕೆ ಧ್ವನಿವರ್ಧಕ, ವಾಹನ ಮತ್ತು ಪ್ರಾಣಿಗಳನ್ನು ಬಳಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ. ಮುದ್ರಿತ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಹಾಜರಾತಿ ಕನಿಷ್ಠ ಶೇ 75 ಇರಬೇಕು. ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಪದಾಧಿಕಾರಿ ಸ್ಥಾನಕ್ಕೆ ನಿಲ್ಲಲು ಒಬ್ಬರಿಗೆ ಒಂದೇ ಅವಕಾಶ. ದೊಡ್ಡವರ ಚುನಾವಣೆಗೂ ಇಷ್ಟು ನಿಯಮ ಇದ್ದು, ಅವನ್ನೆಲ್ಲ ಪಾಲಿಸಿದ್ದರೆ ದೇಶದ ಕತೆಯೇ ಬೇರೆ ಆಗುತ್ತಿತ್ತೇನೋ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ನೇರ ಚುನಾವಣೆ ಎಂಬತ್ತರ ದಶಕದ ಕೊನೆಯಲ್ಲಿ, ಗಲಾಟೆ ಹೊಡೆದಾಟಗಳ ಕಾರಣಕ್ಕೆ ನಿಂತುಹೋಯಿತು. ಅದನ್ನು ಮತ್ತೆ ಆರಂಭಿಸಬೇಕೇ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತು. ಆ ಚರ್ಚೆ ಏನೇ ಆಗಲಿ, ಹೊಡೆದಾಟವಿಲ್ಲದೆ ಗೆಲ್ಲುವುದನ್ನೂ ಹಗೆಯಿಲ್ಲದೆ ಸೋಲುವುದನ್ನೂ ಕಲಿಯುವ ಜಾಗ ಮಾತ್ರ ಪ್ರೌಢಶಾಲೆಯ ಶಾಲಾ ಸಂಸತ್ತೇ.

ಪ್ರಾಣಿಯ ಹೆಸರಿನಲ್ಲಿ ಜನರ ಮನಸ್ಸು ಗೆದ್ದ ದೊಡ್ಡವರೂ ಇದ್ದಾರೆ. ಅಮೆರಿಕದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಫಾಲಾ ಎಂಬ ನಾಯಿಯನ್ನು ದ್ವೀಪವೊಂದರಲ್ಲಿ ಮರೆತು ಬಂದು, ಅದನ್ನು ಕರೆತರಲು ಸರ್ಕಾರದ ಹಡಗು ಕಳಿಸಿದರೆಂದು ವಿರೋಧಿಗಳು ಗುಲ್ಲೆಬ್ಬಿಸಿದ್ದರು. 1944ರ ಸೆಪ್ಟೆಂಬರ್ 23ರ ಭಾಷಣದಲ್ಲಿ ಅವರು ಕೋಪ ಮಾಡಿಕೊಳ್ಳದೆ, ನನ್ನನ್ನು ಬೈದರೆ ಸಹಿಸಿಕೊಳ್ಳುತ್ತೇನೆ, ಫಾಲಾಗೆ ಮಾತ್ರ ಸಿಟ್ಟು ಬಂದಿದೆ ಎಂಬರ್ಥದಲ್ಲಿ ಹಾಸ್ಯ ಮಾಡಿದರು. ಸಭೆ ನಕ್ಕಿತು. ಆ ವರ್ಷ ಅವರು ನಾಲ್ಕನೆಯ ಬಾರಿಗೆ ಗೆದ್ದರು. ಸರಿಯಾಗಿ ಎಂಟು ವರ್ಷಗಳ ನಂತರ, 1952ರ ಅದೇ ಸೆಪ್ಟೆಂಬರ್ 23ರಂದು, ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಿಚರ್ಡ್ ನಿಕ್ಸನ್ ಟೆಲಿವಿಷನ್ ಮುಂದೆ ಕುಳಿತರು. ದೇಣಿಗೆ ಹಣದ ಬಗ್ಗೆ ಅವರ ಮೇಲೆ ಆರೋಪವಿತ್ತು. ತಮ್ಮ ಮಕ್ಕಳಿಗೆ ಉಡುಗೊರೆಯಾಗಿ ಬಂದ ಚೆಕರ್ಸ್ ಎಂಬ ನಾಯಿಮರಿಯನ್ನು ಮಾತ್ರ ಏನೇ ಆದರೂ ಹಿಂದಿರುಗಿಸುವುದಿಲ್ಲ ಎಂದರು. ಜನ ಕರಗಿದರು, ಸ್ಥಾನ ಉಳಿಯಿತು. ಆದರೆ ಇದೇ ನಿಕ್ಸನ್ ಅಧ್ಯಕ್ಷರಾಗಿದ್ದಾಗ ವಾಟರ್‌ಗೇಟ್ ಹಗರಣ ಬಯಲಾಗಿ 1974ರಲ್ಲಿ ರಾಜೀನಾಮೆ ಕೊಟ್ಟು ಇಳಿಯಬೇಕಾಯಿತು. ಆ ಹೊತ್ತಿಗೆ ಯಾವ ನಾಯಿಮರಿಯೂ ಅವರನ್ನು ಉಳಿಸಲಿಲ್ಲ. ಪ್ರಾಣಿ ಜನರನ್ನು ನಿಮ್ಮ ಹತ್ತಿರ ಕರೆತಂದೀತು. ಹತ್ತಿರ ಬಂದವರನ್ನು ಉಳಿಸಿಕೊಳ್ಳುವುದು ನಿಮ್ಮ ನಡತೆ.

ನಿಲ್ಲುವವರಿಗೆ ನಾಲ್ಕು ಮಾತು

ಹಾಗಾದರೆ ನಾಯಿ ಕಲಿಸಿದ್ದನ್ನು ಶಾಲೆಯಲ್ಲಿ ಬಳಸುವುದು ಹೇಗೆ?

ಮೊದಲನೆಯದು, ನಡುವೆ ಏನಾದರೊಂದು ಇಟ್ಟುಕೊಳ್ಳಿ. "ನನಗೆ ಓಟು ಹಾಕು" ಎಂದು ಹೋದರೆ ಎದುರಿನವನಿಗೂ ಮುಜುಗರ, ನಿಮಗೂ ಮುಜುಗರ. "ನಿಮ್ಮ ಕ್ಲಾಸಿನ ಫ್ಯಾನು ತಿರುಗುತ್ತಾ? ಕುಡಿಯುವ ನೀರಿನ ನಲ್ಲಿಯ ಹತ್ತಿರ ನೂಕುನುಗ್ಗಲು ಆಗುತ್ತಲ್ಲ, ಏನು ಮಾಡಬಹುದು?" ಎಂದು ಕೇಳಿ. ಈಗ ನಾಯಿಯ ಜಾಗದಲ್ಲಿ ನಲ್ಲಿ ಇದೆ. ಇಬ್ಬರೂ ಅದನ್ನು ನೋಡುತ್ತಾ ಮಾತಾಡಬಹುದು.

ಎರಡನೆಯದು, ಕೇಳಿಸಿಕೊಳ್ಳಿ. ನಾಯಿಗೆ ಹಸಿವೋ ಹೊಟ್ಟೆನೋವೋ ಬಾಯಿಬಿಟ್ಟು ಹೇಳಲಾರದು. ಕಿವಿ, ಬಾಲ, ನಡಿಗೆ ನೋಡಿ ತಿಳಿಯಬೇಕು. ಶಾಲೆಯಲ್ಲೂ ಹೇಳಿಕೊಳ್ಳಲಾಗದವರು ಇದ್ದಾರೆ. ಬಿಸಿಯೂಟಕ್ಕೆ ಒಬ್ಬನೇ ಕೂರುವ ಹೊಸ ಹುಡುಗ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ದಿನವಿಡೀ ನೀರೇ ಕುಡಿಯದ ಹುಡುಗಿ. ಇವರನ್ನು ಗಮನಿಸಿದವರೇ ನಿಜವಾದ ನಾಯಕರು, ಬ್ಯಾಡ್ಜು ಇರಲಿ ಬಿಡಲಿ.

ಮೂರನೆಯದು, ಮಾಡಲಾಗದ್ದಕ್ಕೆ ಮಾತು ಕೊಡಬೇಡಿ. ಪರೀಕ್ಷೆ ಮುಂದಕ್ಕೆ ಹಾಕಿಸುತ್ತೇನೆ, ಹೋಂವರ್ಕ್ ನಿಲ್ಲಿಸುತ್ತೇನೆ ಎನ್ನುವವರನ್ನು ಮಕ್ಕಳು ಒಂದೇ ತಿಂಗಳಲ್ಲಿ ಲೇವಡಿ ಮಾಡುತ್ತಾರೆ. ಮುಖ್ಯೋಪಾಧ್ಯಾಯರನ್ನು ಕೇಳಿ ಮಾಡಿಸಬಹುದಾದ ಎರಡು ಕೆಲಸ ಹೇಳಿ. ಆ ಎರಡನ್ನೂ ಮಾಡಿ.

ನಾಲ್ಕನೆಯದು, ಸೋತ ಮರುದಿನ ಶಾಲೆಗೆ ಹೋಗಿ. ಹೊಟ್ಟೆನೋವೆಂದು ಮನೆಯಲ್ಲಿ ಮಲಗಬೇಡಿ. ಗೆದ್ದವರ ಕೈ ಕುಲುಕಿ. ಪ್ರಚಾರದಲ್ಲಿ ಮಾತಾಡಿಸಿದ ಜನರನ್ನು ಫಲಿತಾಂಶ ಬಂದಮೇಲೂ ಮಾತಾಡಿಸಿ. ಆ ಪರಿಚಯವನ್ನು ಯಾವ ಎಣಿಕೆಯೂ ನಿಮ್ಮಿಂದ ಕಿತ್ತುಕೊಳ್ಳುವುದಿಲ್ಲ.

ಹೆತ್ತವರಲ್ಲಿ ಒಂದು ಅರಿಕೆ

ಈ ಅಂಕಣ ಓದಿ ನಾಳೆಯೇ ನಾಯಿಮರಿ ತರಲು ಹೊರಡಬೇಡಿ. ನಾಯಿ ಹತ್ತು, ಹನ್ನೆರಡು ವರ್ಷ ಬದುಕುವ ಜೀವ. ಎಂಟನೆಯ ತರಗತಿಯಲ್ಲಿ ತಂದದ್ದು ಮಗುವಿನ ಕಾಲೇಜು ಮುಗಿದು ಕೆಲಸ ಸಿಗುವವರೆಗೂ ಮನೆಯಲ್ಲಿರುತ್ತದೆ. ಮಾರ್ಚ್ ತಿಂಗಳ ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಹೊರಗೆ ಕರೆದೊಯ್ಯುವವರು ಯಾರು, ಊರಿಗೆ ಹೋದರೆ ಅನ್ನ ಹಾಕುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಅಕ್ಕಪಕ್ಕದವರ ನೆಮ್ಮದಿ, ಮನೆಯಲ್ಲಿ ಉಬ್ಬಸದವರಿದ್ದರೆ ವೈದ್ಯರ ಸಲಹೆ, ಇವೆಲ್ಲ ಬೇಕು. ಸಾಕಲು ಆಗದಿದ್ದರೆ ಚಿಂತೆಯಿಲ್ಲ. ಪಕ್ಕದ ಮನೆಯವರ ನಾಯಿಯನ್ನು ಸಂಜೆ ಅವರ ಜೊತೆ ಸುತ್ತಿಸಿಕೊಂಡು ಬಂದರೂ, ಅಜ್ಜಿಯ ಊರಿನ ಹಸುವಿಗೆ ರಜೆಯಲ್ಲಿ ಹುಲ್ಲು ಹಾಕಿದರೂ ಪಾಠ ಅದೇ. ಪ್ರಾಣಿ ಎಂದರೆ ಭಯಪಡುವ ಮಕ್ಕಳನ್ನು ಬಲವಂತ ಮಾಡಬೇಡಿ. ಅವರಿಗೆ ಕ್ರಿಕೆಟ್ ಚೆಂಡೋ ಚದುರಂಗದ ಹಲಗೆಯೋ ಅದೇ ಕೆಲಸ ಮಾಡೀತು.

ಇನ್ನೊಂದು ಮುಖ್ಯ ಎಚ್ಚರಿಕೆ. ಸಾಕಿದ ನಾಯಿಗೆ ಮರಿಯಾಗಿದ್ದಾಗಲೇ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮುಂದುವರಿಸಿ. ಬೀದಿಯಲ್ಲಿ ಕಂಡ ನಾಯಿಯನ್ನೆಲ್ಲ ಮುಟ್ಟಬಾರದು, ಉಣ್ಣುವ ನಾಯಿಯನ್ನೂ ಮರಿ ಹಾಕಿದ ನಾಯಿಯನ್ನೂ ಕೆಣಕಬಾರದು ಎಂದು ಮಕ್ಕಳಿಗೆ ಹೇಳಿಕೊಡಿ. ಕಚ್ಚಿದರೆ ಅಥವಾ ಪರಚಿದರೆ, ನಾಯಿ ಮನೆಯದೇ ಆಗಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಿ ಕೂರುವಂತಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಚಿಕಿತ್ಸೆಯಿಲ್ಲ, ಸಕಾಲದಲ್ಲಿ ಲಸಿಕೆ ಹಾಕಿಸಿದರೆ ಭಯವಿಲ್ಲ. ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುವ ಮಕ್ಕಳಿದ್ದಾರೆ. "ನಾಯಿ ಕಚ್ಚಿದರೆ ಬಂದು ಹೇಳು, ಬೈಯಲ್ಲ" ಎಂದು ಇವತ್ತೇ ಹೇಳಿಬಿಡಿ.

ಹಾಗೆಯೇ ಇನ್ನೊಂದು ಮಾತನ್ನೂ ಹೇಳಿ: "ಚುನಾವಣೆಗೆ ನಿಲ್ಲು. ಸೋತರೆ ಬಂದು ಹೇಳು, ನಗಲ್ಲ." ಎರಡೂ ಒಂದೇ ಜಾತಿಯ ಭರವಸೆಗಳು. ಗಾಯವನ್ನು ಹೆದರದೆ ತೋರಿಸಬಹುದಾದ ಮನೆಯಿಂದ ಬಂದ ಮಗು ಹೊರಗೆ ಯಾರನ್ನು ಬೇಕಾದರೂ ಮಾತಾಡಿಸುತ್ತದೆ. ಓದು ಹಾಳಾಗುತ್ತದೆ ಎಂಬ ಚಿಂತೆ ಸಹಜ. ಆದರೆ ಶಾಲಾ ಚುನಾವಣೆ ಒಂದು ವಾರದ ಗದ್ದಲ. ಆ ವಾರದಲ್ಲಿ ಕಲಿತ ಮಾತು ಮುಂದೆ ಸಂದರ್ಶನದ ಕೋಣೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಕಿಟಕಿಯ ಮುಂದೆ ಬದುಕಿಡೀ ಕೆಲಸಕ್ಕೆ ಬರುತ್ತದೆ.

ಮಹಾಭಾರತದ ಕೊನೆಯ ಭಾಗದಲ್ಲಿ ಧರ್ಮರಾಯ ಹಿಮಾಲಯ ಹತ್ತುತ್ತಾನೆ. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ದಾರಿಯಲ್ಲಿ ಬೀಳುತ್ತಾರೆ. ಕೊನೆಯವರೆಗೆ ಹಿಂದೆ ಬಂದದ್ದು ಒಂದು ನಾಯಿ. ನಾಯಿಯನ್ನು ಬಿಟ್ಟು ರಥ ಹತ್ತು, ಸ್ವರ್ಗಕ್ಕೆ ಹೋಗೋಣ ಎಂದು ಇಂದ್ರ ಕರೆದರೆ ಅವನು ಒಪ್ಪುವುದಿಲ್ಲ. ನಂಬಿ ಬಂದದ್ದನ್ನು ಬಿಟ್ಟು ನಾನೊಬ್ಬನೇ ಬರಲಾರೆ ಎನ್ನುತ್ತಾನೆ. ಸಿಂಹಾಸನ, ಯುದ್ಧ, ರಾಜಸೂಯ ಎಲ್ಲ ಮುಗಿದ ಮೇಲೆ ಧರ್ಮರಾಯನಿಗೆ ಕೊಟ್ಟ ಪರೀಕ್ಷೆ ಇದು. ಅದನ್ನು ಅವನು ಪಾಸು ಮಾಡಿದ.

ಈ ವರ್ಷ ನಾಮಪತ್ರ ಕೊಡುವ ಮಕ್ಕಳಿಗೆಲ್ಲ ಶುಭವಾಗಲಿ. ಗೆದ್ದವರು ಮೊದಲ ದಿನ ನಲ್ಲಿಯ ಹತ್ತಿರ ಹೋಗಿ ನೋಡಿ. ಸೋತವರು ಸಂಜೆ ಮನೆಗೆ ಬಂದು ನಿಮ್ಮ ನಾಯಿಯನ್ನು ಮಾತಾಡಿಸಿ. ನೀವು ಎಷ್ಟು ಮತ ಪಡೆದಿರೆಂದು ಅದು ಕೇಳುವುದಿಲ್ಲ, ಬಾಲವನ್ನು ಎಂದಿನಷ್ಟೇ ಜೋರಾಗಿ ಅಲ್ಲಾಡಿಸುತ್ತದೆ. ಆಮೇಲೆ ಹಗ್ಗ ಹಿಡಿದು ಹೊರಗೆ ಹೊರಡಿ. ದಾರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ.